ಮ್ಯೂನಿಕ್‌ಗೆ ಕೆಲಸಕ್ಕೆ ಬಂದಾಗ ಮೊದಲು ಬೇಕಾಗುವುದು ಒಂದು ವಿಳಾಸ

ಬೆಂಗಳೂರಿನಲ್ಲಿ ವಾಹನಗಳ ನಿಯಂತ್ರಣ ಘಟಕಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದ ನಾನು ಅದೇ ಬಗೆಯ ಕೆಲಸಕ್ಕಾಗಿ ಜರ್ಮನಿಯ ಮ್ಯೂನಿಕ್ ನಗರಕ್ಕೆ ಬಂದು ನೆಲೆಸಿ ಕೆಲವು ವರ್ಷಗಳಾದವು. ಮೊದಲು ಒಬ್ಬನೇ ಬಂದೆ, ಹೆಂಡತಿ ಮತ್ತು ಮಗಳು ನಂತರ ಬಂದರು. ಊರಿನ ಕಡೆಯಿಂದ ಇಲ್ಲಿಗೆ ಹೊರಟು ನಿಂತ ಕಿರಿಯರು ಈಗ ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚಾಗಿ ವೀಸಾ, ಸಂಬಳ ಮತ್ತು ಚಳಿಯ ಸುತ್ತಲೇ ಇರುತ್ತವೆ. ಮನೆಯ ವಿಷಯವನ್ನು ಅವರು ಕೊನೆಯಲ್ಲಿ, ಅದೂ ಬಾಡಿಗೆ ಎಷ್ಟಾಗುತ್ತದೆ ಎಂಬಷ್ಟಕ್ಕೆ ಮಾತ್ರ ಕೇಳುತ್ತಾರೆ. ಆದರೆ ಇಲ್ಲಿ ತೆರಿಗೆ, ನಿವಾಸ ಪರವಾನಗಿ, ಮಗುವಿನ ಶಿಶುವಿಹಾರ ಎಲ್ಲವೂ ಸರ್ಕಾರದ ದಾಖಲೆಯಲ್ಲಿ ನೋಂದಣಿಯಾದ ಒಂದು ವಿಳಾಸವನ್ನು ಆಧರಿಸಿವೆ. ಆದ್ದರಿಂದ ಈ ಬರಹದಲ್ಲಿ ವಿಳಾಸವನ್ನು ಮುಂದಿಟ್ಟುಕೊಂಡೇ ಉಳಿದ ಸಂಗತಿಗಳನ್ನು ಹೇಳುತ್ತೇನೆ.

ವೀಸಾ ವಿಷಯವನ್ನು ಬೇಗ ಮುಗಿಸುತ್ತೇನೆ. ಪದವಿ ಪಡೆದು ಕೆಲಸದ ಕರಾರು ಕೈಯಲ್ಲಿರುವವರಿಗೆ ಸಾಮಾನ್ಯವಾಗಿ ಹೊಂದುವುದು ಯುರೋಪಿಯನ್ ಒಕ್ಕೂಟದ ಬ್ಲೂ ಕಾರ್ಡ್ ಎಂಬ ನಿವಾಸ ಪರವಾನಗಿ. ಅದಕ್ಕೆ ವರ್ಷಕ್ಕೆ ಇಂತಿಷ್ಟು ಸಂಬಳ ಇರಲೇಬೇಕೆಂಬ ಮಿತಿಯಿದ್ದು, ಅದು ಪ್ರತಿ ವರ್ಷ ಬದಲಾಗುತ್ತದೆ. 2025ರಲ್ಲಿ ಸಾಮಾನ್ಯ ಮಿತಿ 48,300 ಯೂರೊ ಇದ್ದರೆ, ಜನರ ಕೊರತೆಯಿರುವ ಎಂಜಿನಿಯರಿಂಗ್, ಮಾಹಿತಿ ತಂತ್ರಜ್ಞಾನದಂಥ ವೃತ್ತಿಗಳಿಗೆ 43,759.80 ಯೂರೊ ಇತ್ತು. ಅರ್ಜಿಗೆ ಮೊದಲು ನಿಮ್ಮ ವಿಶ್ವವಿದ್ಯಾಲಯ ಮತ್ತು ಪದವಿ ಜರ್ಮನಿಯ ‘ಅನಾಬಿನ್’ ದತ್ತಸಂಚಯದಲ್ಲಿ ಹೇಗೆ ದಾಖಲಾಗಿವೆ ಎಂಬುದನ್ನು ನೋಡಿ. ವಿಶ್ವವಿದ್ಯಾಲಯದ ಹೆಸರಿನ ಮುಂದೆ ಮಾನ್ಯತೆಯ ಗುರುತಾದ ‘ಎಚ್ ಪ್ಲಸ್’ ಎಂದಿದ್ದು, ಪದವಿಯೂ ಪಟ್ಟಿಯಲ್ಲಿದ್ದರೆ ಆ ಪುಟಗಳನ್ನು ಮುದ್ರಿಸಿಟ್ಟುಕೊಂಡರೆ ಸಾಕು. ಪದವಿ ಅಲ್ಲಿಲ್ಲದಿದ್ದರೆ ಸಮಾನತೆಯ ಪ್ರಮಾಣಪತ್ರವನ್ನು ಪ್ರತ್ಯೇಕವಾಗಿ ತರಿಸಬೇಕಾಗುತ್ತದೆ ಮತ್ತು ಅದಕ್ಕೆ ಸಮಯ ಹಿಡಿಯುತ್ತದೆ. ಬೆಂಗಳೂರಿನಲ್ಲೇ ಜರ್ಮನ್ ಕಾನ್ಸುಲೇಟ್ ಇರುವುದರಿಂದ ಕರ್ನಾಟಕದವರು ವೀಸಾಕ್ಕಾಗಿ ಬೇರೆ ರಾಜ್ಯಕ್ಕೆ ಓಡಾಡಬೇಕಿಲ್ಲ. ಬ್ಲೂ ಕಾರ್ಡ್ ಇರುವವರ ಗಂಡ ಅಥವಾ ಹೆಂಡತಿ ವೀಸಾ ಪಡೆಯಲು ಜರ್ಮನ್ ಪರೀಕ್ಷೆ ಪಾಸಾಗಿರಬೇಕೆಂಬ ಷರತ್ತಿಲ್ಲ, ಬಂದ ಮೇಲೆ ಅವರು ಯಾವುದೇ ಕೆಲಸಕ್ಕೆ ಸೇರಬಹುದು. ಕುಟುಂಬ ಇರುವವರು ಬ್ಲೂ ಕಾರ್ಡನ್ನೇ ಆರಿಸಿಕೊಳ್ಳಲು ಇದೊಂದೇ ಕಾರಣ ಸಾಕು ಎಂಬುದು ನನ್ನ ಅಭಿಪ್ರಾಯ.

ಈಗ ವಿಳಾಸದ ವಿಷಯಕ್ಕೆ ಬರುತ್ತೇನೆ. ಜರ್ಮನಿಯಲ್ಲಿ ಮನೆಗೆ ಬಂದು ಸೇರಿದ ಎರಡು ವಾರದೊಳಗೆ ಆ ಊರಿನ ನಾಗರಿಕ ಕಚೇರಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕೆಂಬುದು ಕಾನೂನು. ಇದನ್ನು ಎಲ್ಲರೂ ‘ಅನ್‌ಮೆಲ್ಡುಂಗ್’ ಎಂದೇ ಕರೆಯುತ್ತಾರೆ. ನೋಂದಣಿಗೆ ಬಾಡಿಗೆ ಕರಾರು ಮಾತ್ರ ಸಾಲದು, ಇಂಥವರು ಇಂಥ ದಿನದಿಂದ ನನ್ನ ಮನೆಯಲ್ಲಿ ವಾಸವಾಗಿದ್ದಾರೆ ಎಂದು ಮನೆಯೊಡೆಯರು ಸಹಿ ಮಾಡಿಕೊಟ್ಟ ದೃಢೀಕರಣ ಪತ್ರವೂ ಬೇಕು. ಈ ಪತ್ರವನ್ನು ಹೋಟೆಲಿನವರು ಕೊಡುವುದಿಲ್ಲ, ಕೆಲವು ದಿನಗಳ ಮಟ್ಟಿಗೆ ಕೋಣೆ ಬಾಡಿಗೆಗೆ ಕೊಡುವ ಬಹಳಷ್ಟು ಮಂದಿಯೂ ಕೊಡುವುದಿಲ್ಲ. ಹಾಗಾಗಿ ಕೆಲಸದ ಕರಾರಿಗೆ ಸಹಿ ಮಾಡುವ ಮೊದಲೇ ಕಂಪನಿಯವರೊಂದಿಗೆ ಎರಡು ಪ್ರಶ್ನೆಗಳನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಮೊದಲ ಎರಡು ಮೂರು ತಿಂಗಳಿಗೆ ತಾತ್ಕಾಲಿಕ ವಸತಿಯನ್ನು ಅವರೇ ಒದಗಿಸುತ್ತಾರೆಯೇ ಎಂಬುದು ಮೊದಲನೆಯದು, ಆ ವಸತಿಯ ವಿಳಾಸದಲ್ಲಿ ನೋಂದಣಿ ಮಾಡಿಸಲು ಸಾಧ್ಯವೇ ಎಂಬುದು ಎರಡನೆಯದು. ಸಂಬಳದಲ್ಲಿ ಸಾವಿರ ಯೂರೊ ಹೆಚ್ಚಿಸಿಕೊಳ್ಳಲು ನಡೆಸುವ ಮಾತುಕತೆಗಿಂತ ಈ ಎರಡು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯುವುದು ಹೆಚ್ಚು ಲಾಭದಾಯಕ. ನಾನು ಅದನ್ನೇ ಮಾಡಿದೆ. ನೋಂದಣಿ ಮಾಡಿಸಬಹುದಾದ, ಪೀಠೋಪಕರಣಗಳಿದ್ದ ಒಂದು ಕೋಣೆಯ ಮನೆ ಸಿಕ್ಕಿದ್ದರಿಂದ ಬಂದ ವಾರದಲ್ಲೇ ಕಾಗದಪತ್ರಗಳು ಮುಂದೆ ಸರಿಯತೊಡಗಿದವು.

ನೋಂದಣಿಯಾದ ನಂತರ ಕೆಲವು ವಾರಗಳಲ್ಲಿ ಹನ್ನೊಂದು ಅಂಕಿಗಳ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಆ ಸಂಖ್ಯೆ ಕಂಪನಿಗೆ ತಲುಪದಿದ್ದರೆ ಸಂಬಳದಿಂದ ಅತಿ ಹೆಚ್ಚಿನ ವರ್ಗದ ತೆರಿಗೆಯೇ ಕಡಿತವಾಗುವ ಸಾಧ್ಯತೆಯಿದೆ. ಹಾಗೆ ಕಡಿತವಾದದ್ದು ನಂತರ ಸರಿಹೋಗುತ್ತದೆಯಾದರೂ ಹೊಸ ಊರಿನಲ್ಲಿ ಖರ್ಚು ಹೆಚ್ಚಿರುವ ತಿಂಗಳಲ್ಲೇ ಕೈ ಕಟ್ಟಿದಂತಾಗುತ್ತದೆ. ಅದೇ ನೋಂದಣಿಯ ಆಧಾರದ ಮೇಲೆ ರೇಡಿಯೊ ಮತ್ತು ದೂರದರ್ಶನ ಶುಲ್ಕದ ಪತ್ರವೂ ಬರುತ್ತದೆ. ಮನೆಯಲ್ಲಿ ಟಿವಿ ಇರಲಿ ಇಲ್ಲದಿರಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ ಕಟ್ಟಲೇಬೇಕು. ನೋಂದಣಿಯ ಅರ್ಜಿಯಲ್ಲಿ ಧರ್ಮವನ್ನು ಕೇಳುವ ಒಂದು ಅಂಕಣವಿರುತ್ತದೆ, ಅದು ಚರ್ಚ್ ತೆರಿಗೆಗೆ ಸಂಬಂಧಿಸಿದ್ದು. ಮ್ಯೂನಿಕ್ ಇರುವ ಬವೇರಿಯ ರಾಜ್ಯದಲ್ಲಿ ಈ ತೆರಿಗೆ ಆದಾಯ ತೆರಿಗೆಯ ಶೇಕಡ 8ರಷ್ಟಿದ್ದು, ತೆರಿಗೆ ಸಂಗ್ರಹಿಸುವ ಆ ಚರ್ಚ್‌ಗಳ ಸದಸ್ಯರಲ್ಲದವರಿಗೆ ಅನ್ವಯಿಸುವುದಿಲ್ಲ.

ಇಲ್ಲಿಯ ವಿಳಾಸದಲ್ಲಿ ಬೀದಿಯ ಹೆಸರು ಮತ್ತು ಕಟ್ಟಡದ ಸಂಖ್ಯೆ ಇರುತ್ತವೆಯೇ ಹೊರತು ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಇರುವಂತೆ ಮನೆಯ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ. ಇಪ್ಪತ್ತು ಮನೆಗಳಿರುವ ಕಟ್ಟಡದ ಬಾಗಿಲಲ್ಲಿ ಇಪ್ಪತ್ತು ಅಂಚೆ ಡಬ್ಬಿಗಳಿರುತ್ತವೆ, ಅಂಚೆಯವರು ಡಬ್ಬಿಯ ಮೇಲಿನ ಹೆಸರು ಓದಿ ಪತ್ರ ಹಾಕುತ್ತಾರೆ. ಹೆಸರು ಅಲ್ಲಿಲ್ಲದಿದ್ದರೆ ಪತ್ರ ಕಳಿಸಿದವರಿಗೇ ಹಿಂದಿರುಗುತ್ತದೆ. ನಮ್ಮವರು ಇದನ್ನು ವಿಶೇಷವಾಗಿ ಗಮನಿಸಬೇಕು. ಜರ್ಮನ್ ಕುಟುಂಬಗಳಲ್ಲಿ ಸಾಮಾನ್ಯವಾಗಿ ಇಡೀ ಮನೆಗೆ ಒಂದೋ ಎರಡೋ ಮನೆತನದ ಹೆಸರು ಇರುತ್ತದೆ, ನಮ್ಮ ಪಾಸ್‌ಪೋರ್ಟುಗಳಲ್ಲಿ ಹಾಗಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರಾಗಿ ತಂದೆಯವರ ಹೆಸರಿದೆ, ಹೆಂಡತಿಯದರಲ್ಲಿ ಅವಳ ತಂದೆಯವರ ಹೆಸರಿದೆ, ಮಗಳದರಲ್ಲಿ ನನ್ನ ಹೆಸರಿದೆ. ಹೀಗಾಗಿ ನಮ್ಮ ಡಬ್ಬಿಯ ಮೇಲೆ ಮೂರು ಹೆಸರುಗಳನ್ನು ಒಂದರ ಕೆಳಗೊಂದು ಸಣ್ಣ ಅಕ್ಷರಗಳಲ್ಲಿ ಮುದ್ರಿಸಿ ಅಂಟಿಸಿದ್ದೇವೆ. ಮಗಳು ಇನ್ನೂ ಶಿಶುವಿಹಾರಕ್ಕೆ ಹೋಗುವ ವಯಸ್ಸಿನವಳಾದರೂ ಅವಳ ತೆರಿಗೆ ಸಂಖ್ಯೆ, ಆರೋಗ್ಯ ವಿಮೆಯ ಕಾರ್ಡು ಅವಳ ಹೆಸರಿಗೇ ಬಂದವು. ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರಿನ ಜಾಗ ಖಾಲಿಯಿರುವವರು, ಅಥವಾ ಅಲ್ಲಿ ಒಂದೇ ಒಂದು ಇನಿಷಿಯಲ್ ಇರುವವರು, ಊರಿನಲ್ಲಿ ಇರುವಾಗಲೇ ಅದನ್ನು ಸರಿಪಡಿಸಿಕೊಂಡು, ವಿವಾಹ ಮತ್ತು ಜನನ ಪ್ರಮಾಣಪತ್ರಗಳಲ್ಲಿಯೂ ಅದೇ ಕಾಗುಣಿತ ಇರುವಂತೆ ಮಾಡಿಕೊಂಡು ಬರುವುದು ಒಳ್ಳೆಯದು.

ತಾತ್ಕಾಲಿಕ ವಸತಿಯಿಂದ ಶಾಶ್ವತ ಬಾಡಿಗೆ ಮನೆಗೆ ಹೋಗುವ ಹಂತವೇ ಎಲ್ಲಕ್ಕಿಂತ ಕಠಿಣ. ಮ್ಯೂನಿಕ್ ಜರ್ಮನಿಯಲ್ಲೇ ಬಾಡಿಗೆ ಅತಿ ಹೆಚ್ಚಿರುವ ದೊಡ್ಡ ನಗರ. ನಗರದೊಳಗೆ ಚದರ ಮೀಟರಿಗೆ 20 ಯೂರೊಗಿಂತ ಕಡಿಮೆಗೆ ಹೊಸ ಕರಾರು ಸಿಗುವುದು ಕಷ್ಟ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ‘ಕಾಲ್ಟ್‌ಮೀಟೆ’ ಮನೆಯ ಬಾಡಿಗೆ ಮಾತ್ರ. ನೀರು, ಕಸ, ಮೆಟ್ಟಿಲುಗಳ ಶುಚಿ, ಸಾಮಾನ್ಯವಾಗಿ ಹೀಟಿಂಗ್ ಇವೆಲ್ಲ ಸೇರಿದ ಮೊತ್ತವೇ ‘ವಾರ್ಮ್‌ಮೀಟೆ’. ವಿದ್ಯುತ್ ಮತ್ತು ಇಂಟರ್ನೆಟ್ ಅದರ ಮೇಲೆ ಬೇರೆ. ಎರಡು ಕೋಣೆಯ ಮನೆ ಎಂದರೆ ಒಂದು ಹಾಲ್ ಮತ್ತು ಒಂದು ಮಲಗುವ ಕೋಣೆ, ಅಡುಗೆಮನೆ ಮತ್ತು ಬಚ್ಚಲು ಲೆಕ್ಕಕ್ಕೆ ಬರುವುದಿಲ್ಲ. ಮುಂಗಡ ಠೇವಣಿ ಮೂರು ತಿಂಗಳ ಕಾಲ್ಟ್‌ಮೀಟೆಯನ್ನು ಮೀರುವಂತಿಲ್ಲ ಎಂಬ ಕಾನೂನಿದೆ, ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕೂ ಬಾಡಿಗೆದಾರರಿಗೆ ಇದೆ. ಅರವತ್ತು ಚದರ ಮೀಟರಿನ ಮನೆಗೆ 1,400 ಯೂರೊ ಎಂದಿಟ್ಟುಕೊಂಡರೆ ಠೇವಣಿ 4,200 ಯೂರೊ ಆಗುತ್ತದೆ. ಕಂತು ಮಾಡದೆ ಕೊಡುವುದಾದರೆ, ಮೊದಲ ತಿಂಗಳ ಬಾಡಿಗೆಯೂ ಸೇರಿ ಸುಮಾರು ಆರು ಸಾವಿರ ಯೂರೊ ಒಟ್ಟಿಗೇ ಬೇಕಾಗುತ್ತದೆ. ಇಲ್ಲಿ ಸಂಬಳ ಬರುವುದು ತಿಂಗಳ ಕೊನೆಯಲ್ಲಾದ್ದರಿಂದ ಈ ಹಣವನ್ನು ಊರಿನಿಂದಲೇ ಹೊಂದಿಸಿಕೊಂಡು ಬರಬೇಕು.

ಮನೆ ತೋರಿಸುವ ದಿನ ಬಾಗಿಲ ಮುಂದೆ ಹತ್ತಾರು ಜನ ಸಾಲುಗಟ್ಟಿರುವುದು ಸಾಮಾನ್ಯ. ಆರಿಸುವವರು ಮನೆಯೊಡೆಯರು, ಅವರು ನೋಡುವುದು ಕಾಗದಗಳನ್ನು. ಕೆಲಸದ ಕರಾರು, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಪಾಸ್‌ಪೋರ್ಟಿನ ಪ್ರತಿ, ಸಾಲ ಮರುಪಾವತಿಯ ಇತಿಹಾಸ ತೋರಿಸುವ ‘ಶೂಫಾ’ ವರದಿ ಇವನ್ನು ಎಲ್ಲರೂ ಕೇಳುತ್ತಾರೆ. ಹೊಸದಾಗಿ ಬಂದವರಿಗೆ ಶೂಫಾದಲ್ಲಿ ಇತಿಹಾಸವಿರುವುದಿಲ್ಲ, ಸಂಬಳದ ಚೀಟಿಯೂ ಇರುವುದಿಲ್ಲ. ಅದರ ಬದಲಿಗೆ ನಾನು ಕಂಪನಿಯಿಂದ ಕೆಲಸ ಮತ್ತು ಸಂಬಳ ದೃಢೀಕರಿಸುವ ಪತ್ರ, ಬೆಂಗಳೂರಿನ ಮನೆಯೊಡೆಯರು ಬಾಡಿಗೆ ತಪ್ಪದೆ ಕೊಟ್ಟಿದ್ದಾರೆಂದು ಬರೆದುಕೊಟ್ಟ ಪತ್ರದ ಜರ್ಮನ್ ಅನುವಾದ, ನಮ್ಮ ಕುಟುಂಬದ ಪರಿಚಯ ಇರುವ ಒಂದು ಪುಟದ ಜರ್ಮನ್ ಪತ್ರ, ಇಷ್ಟನ್ನು ಒಂದೇ ಕಡತದಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಮನೆ ನೋಡಿದ ಸಂಜೆಯೇ ಅದನ್ನು ಕಳಿಸುತ್ತಿದ್ದೆ, ಏಕೆಂದರೆ ಮರುದಿನ ಬೆಳಿಗ್ಗೆಯ ಹೊತ್ತಿಗೆ ನಿರ್ಧಾರವಾಗಿಬಿಟ್ಟಿರುವ ಸಾಧ್ಯತೆ ಇರುತ್ತದೆ. ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಬೇಕು. ನಾನು ವಿದೇಶದಲ್ಲಿದ್ದೇನೆ, ಠೇವಣಿ ಹಾಕಿದರೆ ಬೀಗದ ಕೈಯನ್ನು ಅಂಚೆಯಲ್ಲಿ ಕಳಿಸುತ್ತೇನೆ ಎಂದು ಬರೆಯುವವರು ಮೋಸಗಾರರು. ಕಣ್ಣಾರೆ ನೋಡದ ಮನೆಗೆ ಹಣ ಕಳಿಸಬೇಡಿ.

ನಗರದೊಳಗೆ ಸಿಗದಿದ್ದರೆ ಎಸ್-ಬಾನ್ ರೈಲು ಹೋಗುವ ಡಾಖಾವ್, ಫ್ರೈಸಿಂಗ್, ಎರ್ಡಿಂಗ್, ಗೆರ್ಮರಿಂಗ್‌ನಂಥ ಊರುಗಳಲ್ಲಿ ಹುಡುಕುವುದನ್ನು ನಾನು ಹಿಂಜರಿಯದೆ ಸೂಚಿಸುತ್ತೇನೆ. ಬಾಡಿಗೆ ಸ್ವಲ್ಪ ಇಳಿಯುತ್ತದೆ, ರೈಲಿನಲ್ಲಿ ಕಳೆಯುವ ಸಮಯ ಬೆಂಗಳೂರಿನ ಹೊರವರ್ತುಲ ರಸ್ತೆಯ ಪ್ರಯಾಣ ಕಂಡವರಿಗೆ ಹೆಚ್ಚೆನಿಸುವುದಿಲ್ಲ. ದೇಶದಾದ್ಯಂತ ಬಸ್ಸು, ಟ್ರಾಮು ಮತ್ತು ಸ್ಥಳೀಯ ರೈಲುಗಳಲ್ಲಿ ಓಡಾಡಬಹುದಾದ ‘ಡಾಯ್ಚ್‌ಲಾಂಡ್ ಟಿಕೆಟ್’ 2023ರ ಮೇ ತಿಂಗಳಲ್ಲಿ 49 ಯೂರೊಗೆ ಆರಂಭವಾಗಿ 2025ರಲ್ಲಿ 58 ಯೂರೊ ಆಯಿತು. ಆದರೆ ನಗರದ ಗಡಿ ದಾಟಿದರೆ ನಿಮ್ಮ ನಿವಾಸ ಪರವಾನಗಿಯ ಕಚೇರಿಯೂ ಬದಲಾಗುತ್ತದೆ ಎಂಬುದನ್ನು ನೆನಪಿಡಬೇಕು. ಮ್ಯೂನಿಕ್ ನಿವಾಸಿಗಳ ಕಡತ ನಗರದ ಕಚೇರಿಯಲ್ಲಿದ್ದರೆ, ಡಾಖಾವ್ ನಿವಾಸಿಗಳದ್ದು ಆ ಜಿಲ್ಲೆಯ ಕಚೇರಿಯಲ್ಲಿರುತ್ತದೆ. ವೀಸಾದ ಅವಧಿ ಮುಗಿಯುವ ಹೊತ್ತಿಗೆ ಮನೆ ಬದಲಾಯಿಸಿದರೆ ಕಡತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಕಾಯಬೇಕಾಗುತ್ತದೆ, ಆದ್ದರಿಂದ ಮೊದಲು ಬ್ಲೂ ಕಾರ್ಡನ್ನು ಕೈಗೆ ತೆಗೆದುಕೊಂಡು ಆಮೇಲೆ ಜಿಲ್ಲೆ ಬದಲಾಯಿಸುವುದು ಕ್ಷೇಮ.

ಬೀಗದ ಕೈ ಪಡೆಯುವ ದಿನ ಮನೆಯೊಡೆಯರ ಜೊತೆ ಕೋಣೆ ಕೋಣೆಗೂ ಹೋಗಿ, ನೆಲದ ಗೀರು, ಗೋಡೆಯ ತೂತು, ಮೀಟರಿನ ಅಂಕಿ ಎಲ್ಲವನ್ನೂ ಬರೆದು ಇಬ್ಬರೂ ಸಹಿ ಮಾಡುವ ಪದ್ಧತಿಯಿದೆ. ಆ ಕಾಗದವೇ ಮುಂದೆ ಠೇವಣಿ ಹಿಂದಿರುಗಿಸುವಾಗ ಆಧಾರವಾಗುವುದರಿಂದ ಸಂಕೋಚವಿಲ್ಲದೆ ಪ್ರತಿಯೊಂದನ್ನೂ ಬರೆಸಬೇಕು. ನಮ್ಮ ಮನೆಯ ಅಡುಗೆಕೋಣೆಯಲ್ಲಿ ನೀರಿನ ಕೊಳವೆಯ ಎರಡು ಬಾಯಿ, ಒಲೆಗಾಗಿ ಗೋಡೆಯಿಂದ ಹೊರಬಂದ ದಪ್ಪ ವಿದ್ಯುತ್ ತಂತಿ, ಇಷ್ಟು ಬಿಟ್ಟರೆ ಏನೂ ಇರಲಿಲ್ಲ. ಸಿಂಕ್, ಒಲೆ, ಕಪಾಟು ಎಲ್ಲವನ್ನೂ ನಾವೇ ತಂದು ಕೂರಿಸಬೇಕಾಯಿತು. ಕೋಣೆಗಳ ಚಾವಣಿಯಲ್ಲಿ ದೀಪದ ಬದಲು ತಂತಿಗಳು ತೂಗುತ್ತಿದ್ದವು. ಇಲ್ಲಿ ಇದು ಸಹಜ ರೂಢಿ. ಹಿಂದಿನ ಬಾಡಿಗೆದಾರರು ತಮ್ಮ ಅಡುಗೆಮನೆಯನ್ನು ಬಿಟ್ಟುಹೋಗಲು ಸಿದ್ಧರಿದ್ದರೆ ಬೆಲೆ ಮಾತಾಡಿ ಕೊಂಡುಕೊಳ್ಳುವುದು ಹೊಸದು ಹಾಕಿಸುವುದಕ್ಕಿಂತ ಅಗ್ಗ, ಬೇಗ ಒಲೆ ಹೊತ್ತಿಸಲೂ ಅದೇ ದಾರಿ.

ಅಡುಗೆಯ ವಿಷಯ ಬಂದದ್ದರಿಂದ ಊರಿನಿಂದ ತರುವ ಸಾಮಾನಿನ ಬಗ್ಗೆ ನಾಲ್ಕು ಮಾತು. ಇಲ್ಲಿಯೂ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್ ಆದ್ದರಿಂದ ಮಿಕ್ಸಿ ತೊಂದರೆಯಿಲ್ಲದೆ ಓಡುತ್ತದೆ, ಪ್ಲಗ್‌ಗೆ ಮಾತ್ರ ಒಳ್ಳೆಯ ಅಡಾಪ್ಟರ್ ಬೇಕು. ಇಂಡಕ್ಷನ್ ಒಲೆಯ ಮೇಲೆ ಸಾಮಾನ್ಯ ಅಲ್ಯೂಮಿನಿಯಂ ಕುಕ್ಕರ್ ಕಾಯುವುದಿಲ್ಲ, ಇಂಡಕ್ಷನ್ ತಳದ ಸ್ಟೀಲ್ ಕುಕ್ಕರನ್ನೇ ತನ್ನಿ. ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಒಕ್ಕೂಟದ ಹೊರಗಿನಿಂದ ತರುವುದಕ್ಕೆ ನಿಷೇಧವಿರುವುದರಿಂದ ಧಾರವಾಡ ಪೇಡೆ, ತುಪ್ಪ ಇವನ್ನು ಊರಲ್ಲೇ ಬಿಟ್ಟು ಬರಬೇಕು. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಹಸಿ ಕರಿಬೇವನ್ನೂ ತರುವಂತಿಲ್ಲ. ಸಾರಿನ ಪುಡಿ, ಚಟ್ನಿಪುಡಿ, ಶಾವಿಗೆಗಳಿಗೆ ಅಡ್ಡಿಯಿಲ್ಲ. ಸೋನಾ ಮಸೂರಿ, ತೊಗರಿಬೇಳೆ, ರಾಗಿ ಹಿಟ್ಟು ಮ್ಯೂನಿಕ್ ಮುಖ್ಯ ರೈಲು ನಿಲ್ದಾಣದ ಆಸುಪಾಸಿನ ಅಂಗಡಿಗಳಲ್ಲಿ ಸಿಗುತ್ತವೆ. ಬವೇರಿಯದಲ್ಲಿ ಅಂಗಡಿಗಳು ರಾತ್ರಿ ಎಂಟಕ್ಕೆ ಮುಚ್ಚುತ್ತವೆ, ಭಾನುವಾರ ತೆರೆಯುವುದೇ ಇಲ್ಲ, ಹಾಗಾಗಿ ಶನಿವಾರವೇ ಸಾಮಾನು ತಂದಿಟ್ಟುಕೊಳ್ಳುವುದು ರೂಢಿಯಾಗುತ್ತದೆ. ಭಾನುವಾರ ಗೋಡೆಗೆ ಡ್ರಿಲ್ ಹಾಕುವುದು, ಗಾಜಿನ ಬಾಟಲಿಗಳನ್ನು ಬೀದಿಯ ಡಬ್ಬಕ್ಕೆ ಎಸೆಯುವುದು ನಿಷಿದ್ಧ. ದೋಸೆ ಹಿಟ್ಟನ್ನು ಶನಿವಾರವೇ ರುಬ್ಬಿಟ್ಟರೆ ನೆರೆಯವರೊಡನೆ ಬಾಂಧವ್ಯ ಚೆನ್ನಾಗಿರುತ್ತದೆ.

ಸಂಬಳದ ವಿಷಯದಲ್ಲಿ ಒಟ್ಟು ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ನೋಡುವುದನ್ನು ಬಿಟ್ಟು ಕೈಗೆ ಬರುವುದೆಷ್ಟು ಎಂದು ಲೆಕ್ಕ ಹಾಕಬೇಕು. ವರ್ಷಕ್ಕೆ 60,000 ಯೂರೊ ಸಂಬಳದ ಒಂಟಿ ಉದ್ಯೋಗಿಯ ಕೈಗೆ, ಆದಾಯ ತೆರಿಗೆಯ ಜೊತೆಗೆ ಪಿಂಚಣಿ, ಆರೋಗ್ಯ, ನಿರುದ್ಯೋಗ ಮತ್ತು ಆರೈಕೆ ವಿಮೆಗಳು ಕಳೆದು, ತಿಂಗಳಿಗೆ ಸುಮಾರು 3,100 ಯೂರೊ ಬರುತ್ತದೆ. ಮದುವೆಯಾಗಿ ಒಬ್ಬರೇ ದುಡಿಯುವ ಕುಟುಂಬಕ್ಕೆ ಕಡಿಮೆ ಕಡಿತವಾಗುವ ಮೂರನೇ ತೆರಿಗೆ ವರ್ಗ ಸಿಗುವುದರಿಂದ ತಿಂಗಳಿಗೆ ಮುನ್ನೂರಕ್ಕೂ ಹೆಚ್ಚು ಯೂರೊ ಉಳಿಯುತ್ತದೆ. ಆದರೆ ಸಂಗಾತಿ ಊರಿನಲ್ಲೇ ಇರುವವರೆಗೆ ನಿಮ್ಮದು ಒಂಟಿಯವರ ಮೊದಲನೇ ವರ್ಗವೇ. ಅವರು ಇಲ್ಲಿಗೆ ಬಂದು, ಅದೇ ವಿಳಾಸದಲ್ಲಿ ನೋಂದಣಿಯಾಗಿ, ವಿವಾಹ ಪ್ರಮಾಣಪತ್ರ ತೋರಿಸಿದ ಮೇಲೆ ಬದಲಾವಣೆ ಆಗುತ್ತದೆ. ಸಾರ್ವಜನಿಕ ಆರೋಗ್ಯ ವಿಮೆಯಲ್ಲಿ ದುಡಿಯದ ಸಂಗಾತಿ ಮತ್ತು ಮಕ್ಕಳಿಗೆ ಪ್ರತ್ಯೇಕ ಕಂತು ಕಟ್ಟಬೇಕಾಗಿಲ್ಲ. ಹೆಚ್ಚು ಸಂಬಳದವರನ್ನು ಖಾಸಗಿ ವಿಮೆಯವರು ಕಡಿಮೆ ಕಂತಿನ ಆಸೆ ತೋರಿಸಿ ಕರೆಯುತ್ತಾರೆ. ಅಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಂತು, ವಯಸ್ಸಾದಂತೆ ಹೆಚ್ಚುವ ಹೊರೆ, ಮರಳಿ ಬರುವ ದಾರಿಯೂ ಇಕ್ಕಟ್ಟು. ಕುಟುಂಬವಿರುವವರು ಸಾರ್ವಜನಿಕ ವಿಮೆಯಲ್ಲೇ ಉಳಿಯಬೇಕೆಂದು ನಾನು ಖಚಿತವಾಗಿ ಹೇಳುತ್ತೇನೆ.

ಕಚೇರಿಯಲ್ಲಿ ಮೊದಲ ಆರು ತಿಂಗಳು ಸಾಮಾನ್ಯವಾಗಿ ಪರೀಕ್ಷಾ ಅವಧಿ, ಆಗ ಎರಡು ವಾರದ ನೋಟಿಸಿನಲ್ಲಿ ಯಾರು ಬೇಕಾದರೂ ಕರಾರು ಮುಗಿಸಬಹುದು. ಈ ಕಾರಣಕ್ಕಾಗಿಯೇ ಕುಟುಂಬವನ್ನು ಆ ಅವಧಿ ಮುಗಿಯುವ ಸುಮಾರಿಗೆ ಕರೆಸಿಕೊಳ್ಳುವುದನ್ನು ನಾನು ಆರಿಸಿದೆ. ವಾರಕ್ಕೆ ಐದು ದಿನ ದುಡಿಯುವವರಿಗೆ ಕಾನೂನಿನ ಪ್ರಕಾರ ಕನಿಷ್ಠ ಇಪ್ಪತ್ತು ದಿನ ರಜೆಯಿದ್ದು, ಬಹಳಷ್ಟು ಕಂಪನಿಗಳು ಮೂವತ್ತರವರೆಗೆ ಕೊಡುತ್ತವೆ. ಕಾಯಿಲೆ ಬಿದ್ದರೆ ಆ ದಿನಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಆರು ವಾರಗಳವರೆಗೆ ಪೂರ್ಣ ಸಂಬಳ ಬರುತ್ತದೆ, ಆದರೆ ಪರೀಕ್ಷಾ ಅವಧಿಯ ಮೊದಲ ನಾಲ್ಕು ವಾರಗಳಿಗೆ ಈ ಹೊಣೆ ಕಂಪನಿಯದಲ್ಲ.

ಭಾಷೆಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆ, ಆದರೆ ಮನೆಯೊಡೆಯರು, ಮಕ್ಕಳ ವೈದ್ಯರ ಸ್ವಾಗತಕಾರರು, ಶಿಶುವಿಹಾರದ ಶಿಕ್ಷಕಿಯರು ಮಾತಾಡುವುದು ಜರ್ಮನ್. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿಯೋ ಬೇರೆಲ್ಲಿಯೋ ಎ1 ಎಂಬ ಆರಂಭಿಕ ಮಟ್ಟವನ್ನಾದರೂ ಮುಗಿಸಿ ಬಂದರೆ ಮೊದಲ ತಿಂಗಳುಗಳ ಅರ್ಧ ಆತಂಕ ಇಳಿಯುತ್ತದೆ. ಮನೆಯಲ್ಲಿ ಉಳಿಯುವ ಸಂಗಾತಿಗೆ ಇದು ಇನ್ನೂ ಮುಖ್ಯ. ಡಿಸೆಂಬರಿನಲ್ಲಿ ಬೆಳಗಿನ ಎಂಟಕ್ಕೆ ಹುಟ್ಟಿದ ಸೂರ್ಯ ಸಂಜೆ ನಾಲ್ಕೂವರೆಯ ಒಳಗೆ ಮುಳುಗುತ್ತಾನೆ. ಆ ದಿನಗಳಲ್ಲಿ ಹೊರಗೆ ಹೋಗಲು, ನಾಲ್ಕು ಜನರೊಡನೆ ಮಾತಾಡಲು ಒಂದು ಭಾಷಾ ತರಗತಿಯಿದ್ದರೆ ಮನಸ್ಸು ಕುಗ್ಗುವುದಿಲ್ಲ ಎಂಬುದನ್ನು ನನ್ನ ಹೆಂಡತಿಯ ವಿಷಯದಲ್ಲಿ ಕಂಡಿದ್ದೇನೆ. ಇಲ್ಲಿ ಕನ್ನಡಿಗರ ಕೂಟವೂ ಇದೆ, ಯುಗಾದಿ, ರಾಜ್ಯೋತ್ಸವಗಳಿಗೆ ಸೇರುತ್ತೇವೆ. ಮನೆ ಖಾಲಿಯಾಗುವ ಸುದ್ದಿ ಜಾಹೀರಾತಿಗಿಂತ ಮೊದಲೇ ಅಲ್ಲಿ ಕಿವಿಗೆ ಬೀಳುವುದುಂಟು.

ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದ ಜಾಗ ಪಡೆಯುವ ಹಕ್ಕನ್ನು ಕಾನೂನು ಕೊಟ್ಟಿದೆ, ಆದರೂ ಮ್ಯೂನಿಕ್‌ನಲ್ಲಿ ಜಾಗ ಸಿಗಲು ಕಾಯಬೇಕು. ಕುಟುಂಬ ಬಂದು ನೋಂದಣಿಯಾದ ದಿನವೇ ನಗರಸಭೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಿ. ಮಕ್ಕಳ ಭತ್ಯೆ, ಅಂದರೆ 2025ರಲ್ಲಿ ತಿಂಗಳಿಗೆ ಮಗುವೊಂದಕ್ಕೆ 255 ಯೂರೊ, ತಾನಾಗಿ ಬರುವುದಿಲ್ಲ, ಅದಕ್ಕೂ ಅರ್ಜಿ ಬೇಕು. ಭಾರತದ ಚಾಲನಾ ಪರವಾನಗಿ ಇಲ್ಲಿ ವಾಸ ಆರಂಭಿಸಿದ ಆರು ತಿಂಗಳವರೆಗೆ ಮಾತ್ರ ನಡೆಯುತ್ತದೆ, ನಂತರ ಲಿಖಿತ ಮತ್ತು ಚಾಲನಾ ಪರೀಕ್ಷೆ ಎರಡನ್ನೂ ಪಾಸಾಗಬೇಕು. ತಂದೆತಾಯಿಯರು ಷೆಂಗೆನ್ ವೀಸಾದಲ್ಲಿ ಬಂದು 180 ದಿನಗಳಲ್ಲಿ 90 ದಿನ ಇರಬಹುದು, ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಇರಲೇಬೇಕು. ಊರಿನ ಉಳಿತಾಯ ಖಾತೆಯನ್ನು ಅನಿವಾಸಿಗಳಿಗಾಗಿ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸುವ ಕೆಲಸವನ್ನು ಹೊರಡುವ ಮುನ್ನವೇ ಬ್ಯಾಂಕಿನಲ್ಲಿ ಮಾತಾಡಿಟ್ಟುಕೊಳ್ಳಿ, ಇಲ್ಲಿಂದ ಕಾಗದ ಕಳಿಸಿ ಮಾಡಿಸುವುದು ತ್ರಾಸದಾಯಕ.

ಬ್ಲೂ ಕಾರ್ಡಿನಲ್ಲಿ 27 ತಿಂಗಳು ಕೆಲಸ ಮಾಡಿ ಪಿಂಚಣಿ ಕಂತು ಕಟ್ಟಿದವರು ಎ1 ಮಟ್ಟದ ಜರ್ಮನ್‌ನೊಂದಿಗೆ ಖಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು, ಬಿ1 ಮಟ್ಟವಿದ್ದರೆ 21 ತಿಂಗಳು ಸಾಕು. ಮರಳಿ ಊರಿಗೆ ಹೋಗುವ ಮನಸ್ಸಿರುವವರಿಗೂ ಪಿಂಚಣಿಯ ದಾಖಲೆ ಮುಖ್ಯ, ಏಕೆಂದರೆ 2017ರ ಮೇ 1ರಂದು ಜಾರಿಗೆ ಬಂದ ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದದ ಪ್ರಕಾರ ಎರಡೂ ದೇಶಗಳಲ್ಲಿ ಕಂತು ಕಟ್ಟಿದ ಅವಧಿಗಳನ್ನು ಅರ್ಹತೆಗಾಗಿ ಒಟ್ಟುಗೂಡಿಸಿ ಎಣಿಸುತ್ತಾರೆ. ಪಿಂಚಣಿ ಸಂಸ್ಥೆ ಕಳಿಸುವ ಪತ್ರಗಳು, ಪ್ರತಿ ಮನೆಯ ನೋಂದಣಿ ಪತ್ರ, ವರ್ಷಾಂತ್ಯದಲ್ಲಿ ಕಂಪನಿ ಕೊಡುವ ತೆರಿಗೆ ಪತ್ರ ಇವುಗಳಲ್ಲಿ ಒಂದನ್ನೂ ಎಸೆಯದೆ ಕಡತದಲ್ಲಿಡಿ. ದೇಶ ಬಿಟ್ಟು ಹೋಗುವಾಗ ವಿಳಾಸದ ನೋಂದಣಿಯನ್ನು ರದ್ದು ಮಾಡಿಸಿ ಅದರ ಪತ್ರವನ್ನೂ ಪಡೆದುಕೊಳ್ಳಬೇಕು. ವಿಮೆ, ದೂರದರ್ಶನ ಶುಲ್ಕ, ಇಂಟರ್ನೆಟ್ ಕರಾರುಗಳನ್ನು ಕೊನೆಗೊಳಿಸಲು ಎಲ್ಲರೂ ಕೇಳುವುದು ಆ ಪತ್ರವನ್ನೇ.